ಇಬ್ಬರು ಗುಡ್ಡಪ್ಪರೂ ಎರಡು ಸೆಕೆಂಡೂ

ನಿಖರತೆ ಎಂಬುದು ಒಂದು ಚಟ. ನಶ್ಯ, ಇಸ್ಪೀಟು, ಎಲೆಅಡಿಕೆಗಳ ಹಾಗೆ ಇದೂ ಸಹವಾಸದಿಂದಲೇ ಹತ್ತುತ್ತದೆ. ಹತ್ತಿದ ಮೇಲೆ ಬಿಡುತ್ತೇನೆಂದರೂ ಬಿಡುವುದಿಲ್ಲ. ಹತ್ತದವರು ಸುಖಿಗಳು, ಮತ್ತು ನಮ್ಮ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಕಡೆಯ ಜನ ಬಹುಪಾಲು ಸುಖಿಗಳೇ. ನಿಲ್ದಾಣದಲ್ಲಿ ನಿಂತು ಬಸ್ಸು ಯಾವಾಗ ಎಂದು ಕೇಳಿ. 'ಈಗ ಬರ್ತೈತಿ' ಎನ್ನುತ್ತಾರೆ. ಹೋದದ್ದು ಯಾವಾಗ ಎಂದು ಕೇಳಿ. 'ಈಗ ಹೋತು' ಎನ್ನುತ್ತಾರೆ. ಆ ಎರಡು ಈಗಗಳ ನಡುವೆ ಒಬ್ಬ ಮನುಷ್ಯ ಗಿರ್ಮಿಟ್ಟು ತಿಂದು, ಚಹಾ ಕುಡಿದು, ಗಡ್ಡ ಮಾಡಿಸಿಕೊಂಡು ಬರಬಹುದು. ಲಗ್ನಪತ್ರಿಕೆಯಲ್ಲಿ ಮಾತ್ರ ಅಕ್ಷತೆಯ ಹೊತ್ತನ್ನು ಹನ್ನೆರಡು ಗಂಟೆ ಮೂವತ್ಮೂರು ನಿಮಿಷ ಎಂದು ಅಚ್ಚು ಹಾಕಿಸುತ್ತೇವೆ. ಆ ನಿಮಿಷ ಬಂದಾಗ ಮದುಮಗ ಇನ್ನೂ ಹಲಗೇರಿ ದಾಟಿರುವುದಿಲ್ಲ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅವನು ಬಂದಾಗಲೇ ಹನ್ನೆರಡು ಮೂವತ್ಮೂರು ಆಯಿತೆಂದು ತಿಳಿದು ಅಕ್ಕಿಕಾಳು ಎಸೆದು ಊಟಕ್ಕೆ ಓಡುತ್ತಾರೆ. ನಾನೂ ಹೀಗೆಯೇ ಎಸೆದು ಓಡುವವನಾಗಿದ್ದೆ.

ನನ್ನನ್ನು ಕೆಡಿಸಿದ್ದು ಕಂಪ್ಯೂಟರು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಾನು ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ನೋಡಿಕೊಳ್ಳುವುದು ಎಂದರೆ ಹೆಚ್ಚಿನ ದಿನ ಬರೀ ನೋಡುತ್ತ ಕುಳಿತಿರುವುದು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ ಅದು. ನಮ್ಮ ದೊಡ್ಡ ಯಂತ್ರದಲ್ಲಿದ್ದದ್ದು ಬಿಟ್ಟಿ ಸಿಗುವ ಒಂದು ಕಾರ್ಯಾಚರಣಾ ವ್ಯವಸ್ಥೆ. ಅದರ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದಾಗಿತ್ತು, ತಿದ್ದಬಹುದಾಗಿತ್ತು, ಕೆಡಿಸಬಹುದಾಗಿತ್ತು. ಯಾವ ತಳಿಯ ಮೊಳಕೆ ಹೇಗೆ ಬಂತು ಎಂಬ ಫೈಲುಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿಡುವುದು ನನ್ನ ಹೊಣೆ. ಬದಲಾದ ಫೈಲುಗಳನ್ನಷ್ಟೇ ನಕಲು ಮಾಡುವ ಒಂದು ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಾಗಲೆಲ್ಲ, ಯಾರೂ ಮುಟ್ಟದ ಫೈಲುಗಳು ಬದಲಾಗಿವೆ ಎಂದು ಹೇಳಿ ಅರ್ಧ ದಿನ ನಕಲು ಮಾಡುತ್ತ ಕೂರುತ್ತಿತ್ತು. ಅಷ್ಟು ಹೊತ್ತೂ ಕಚೇರಿಯ ಕೆಲಸ ನಿಲ್ಲುತ್ತಿತ್ತು. ಮ್ಯಾನೇಜರರು ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು.

"ಯಾರೂ ಮುಟ್ಟದ ಫೈಲು ತಾನ ಬದಲಾಗ್ತೈತಿ ಅಂದ್ರ ಏನ್ರಿ ಅರ್ಥ? ಯಾರರ ಭಾನಾಮತಿ ಮಾಡ್ಸ್ಯಾರೇನು?" ಎಂದು ಗಂಭೀರವಾಗಿಯೇ ಕೇಳಿದರು.

ಭಾನಾಮತಿ ಅಲ್ಲವೆಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಮನೆಗೆ ಬಂದು ಕೋಡನ್ನು ತೆರೆದು ಕುಳಿತೆ. ಕೊನೆಗೂ ತಿಳಿದ ಸಂಗತಿ ಇಷ್ಟು. ಪ್ರತಿ ಫೈಲನ್ನೂ ಕಡೆಯ ಸಲ ತಿದ್ದಿದ ಹೊತ್ತು ಯಾವುದೆಂದು ಯಂತ್ರ ಗುರುತು ಇಟ್ಟುಕೊಳ್ಳುತ್ತದೆ. ಹೊಸದಾಗಿ ಬಂದ ಆವೃತ್ತಿ ಬಲು ಜಾಣತನದ್ದು. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ, ಯಾವ ಚೂರಿನಲ್ಲಿ ತಿದ್ದಿದ್ದೆಂದು ಹೇಳುತ್ತಿತ್ತು. ಆದರೆ ಅದು ಮನಸ್ಸಿನಲ್ಲಿ ಇಟ್ಟುಕೊಂಡಾಗಿನ ಮಾತು. ಡಿಸ್ಕಿನ ಮೇಲೆ ಬರೆದಿಡಲು ಇದ್ದ ಜಾಗ ಹಳೆಯ ಕಾಲದ ಅಳತೆಯದು, ಅದರಲ್ಲಿ ಹಿಡಿಸುತ್ತಿದ್ದದ್ದು ಇಡೀ ಸೆಕೆಂಡು ಮಾತ್ರ. ಯಂತ್ರ ಆರಿದ ಕೂಡಲೇ ಚೂರುಗಳೆಲ್ಲ ಮರೆತುಹೋಗುತ್ತಿದ್ದವು. ನಿನ್ನೆ ಒಂದು ಹೊತ್ತು ಹೇಳಿದ ಫೈಲು ಇವತ್ತು ಅರ್ಧ ಸೆಕೆಂಡು ಹಿಂದಿನ ಹೊತ್ತು ಹೇಳುತ್ತಿತ್ತು. ನನ್ನ ಪ್ರೋಗ್ರಾಮು ಎರಡನ್ನೂ ಹೋಲಿಸಿ, ತಾಳೆ ಬರಲಿಲ್ಲ, ಅಂದಮೇಲೆ ಇದು ಬದಲಾಗಿದೆ ಎಂದು ತೀರ್ಮಾನಿಸುತ್ತಿತ್ತು. ಮದುವೆ ಸಂಬಂಧ ನೋಡಲು ಹೋದಾಗ ಹುಡುಗಿಯ ವಯಸ್ಸನ್ನು ಅವರಪ್ಪ ಒಂದು ಹೇಳಿ ಅವ್ವ ಇನ್ನೊಂದು ಹೇಳಿದರೆ ಆಗುವ ಗಲಾಟೆಯೇ ಇದು.

ಇದಕ್ಕೆ ಮದ್ದು ಸರಳ. ಯಾವ ಡಿಸ್ಕು ಎಷ್ಟು ಸೂಕ್ಷ್ಮವಾಗಿ ನೆನಪಿಡಬಲ್ಲದೋ ಅಷ್ಟಕ್ಕೇ ಹೊತ್ತನ್ನು ಮೊದಲೇ ಕತ್ತರಿಸಿಬಿಡಬೇಕು. ನೆನಪಿಡಲು ಆಗದ್ದನ್ನು ಬಾಯಿ ಬಿಟ್ಟು ಹೇಳಲೇಬಾರದು. ನನಗೆ ಈ ಸೂತ್ರ ಎಷ್ಟು ಹಿಡಿಸಿತೆಂದರೆ ಕೋಡಿನೊಳಗೆ ಕತ್ತರಿ ಆಡಿಸಲು ನಾನೇ ಹೊರಟೆ. ಯಂತ್ರ ಮೂರು ಸಲ ಮಕಾಡೆ ಮಲಗಿತು. ನಾಲ್ಕನೆಯ ಸಲ ಮಲಗಿಸುವ ಮೊದಲು ನೋಡುತ್ತೇನೆ, ದೂರದ ಯಾವ ದೇಶದ ಪುಣ್ಯಾತ್ಮನೋ ಇದನ್ನೇ ಸರಿಮಾಡಿ ಮುಂದಿನ ಆವೃತ್ತಿಯಲ್ಲಿ ಸೇರಿಸಿಯೂ ಬಿಟ್ಟಿದ್ದ. ಅದನ್ನು ತಂದು ಹಾಕಿ, ಸರಿಹೋಯಿತು ಸರ್ ಎಂದೆ. ಯಾರು ಸರಿಮಾಡಿದರೆಂದು ಮ್ಯಾನೇಜರರು ಕೇಳಲಿಲ್ಲ, ಕೇಳದ್ದನ್ನು ಹೇಳುವ ಚಾಳಿ ನನಗಿಲ್ಲ. ನಮ್ಮವನು ಸೆಕೆಂಡಿನ ನೂರು ಕೋಟಿಯ ಒಂದು ಪಾಲು ಹಿಡಿಯುತ್ತಾನಂತೆ ಎಂಬ ಸುದ್ದಿ ಮಾತ್ರ ಬ್ಯಾಡಗಿಯ ಮಾವನ ಮನೆಯವರೆಗೆ ಮುಟ್ಟಿತು. ಮುಟ್ಟಿಸಿದವನು ನಾನೇ.

ನನ್ನ ಮಾವ ಬಸವಣ್ಯೆಪ್ಪನವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಅಂಗಡಿಯಲ್ಲಿ ಅವರ ತಂದೆ ಗುಡ್ಡಪ್ಪನವರ ದೊಡ್ಡ ಫೋಟೊ ಇದೆ. ರುಮಾಲು, ಮೀಸೆ, ಯಾರನ್ನೂ ನಂಬದ ಕಣ್ಣು. ಅದಕ್ಕೆ ಕೈಮುಗಿಯಲು ಬಾಗಿದವರು ಘಾಟಿಗೆ ತಪ್ಪದೆ ಸೀನುತ್ತಾರೆ. ಮಾವ ಅದನ್ನೂ ಹಿರಿಯರ ಆಶೀರ್ವಾದವೆಂದೇ ತಿಳಿಯುತ್ತಾರೆ. ಮೊದಲು ಹುಟ್ಟುವ ಮೊಮ್ಮಗನಿಗೆ ಗುಡ್ಡಪ್ಪ ಎಂದೇ ಹೆಸರು ಎಂಬುದು ಅವರು ಎಂದೋ ಆಡಿಟ್ಟ ಮಾತು. ಅವರಿಗೆ ಇಬ್ಬರು ಗಂಡುಮಕ್ಕಳು, ನಡುವೆ ಒಬ್ಬಳು ಮಗಳು. ಆ ಮಗಳು ಗಿರಿಜಾ, ನನ್ನ ಹೆಂಡತಿ. ದೊಡ್ಡ ಸೊಸೆ ಸುನಂದಾ ಹೆರಿಗೆಗೆ ರಾಣೆಬೆನ್ನೂರಿನ ತವರಿಗೆ ಹೋದಳು, ಸಣ್ಣ ಸೊಸೆ ರೂಪಾ ಹಾವೇರಿಯ ತವರಿಗೆ. ಇಬ್ಬರೂ ಒಂದೇ ದಿನ ಮುಂಜಾನೆ ಗಂಡು ಹೆತ್ತರು. ಎರಡು ದವಾಖಾನೆಯ ಚೀಟಿಗಳಲ್ಲೂ ಹುಟ್ಟಿದ ಹೊತ್ತು ಹತ್ತೂವರೆ ಎಂದೇ ಇತ್ತು. ನಮ್ಮ ಕಡೆಯ ದವಾಖಾನೆಗಳಲ್ಲಿ ಮಕ್ಕಳು ಒಂದೋ ಹತ್ತಕ್ಕೆ ಹುಟ್ಟುತ್ತವೆ, ಇಲ್ಲವೇ ಹತ್ತೂವರೆಗೆ. ನಡುವೆ ಹುಟ್ಟುವ ಪದ್ಧತಿ ಇಲ್ಲ.

ಇಲ್ಲಿಂದ ಶುರುವಾಯಿತು ತ್ಯಾಗದ ಪೈಪೋಟಿ. ಬಾಣಂತನ ಮುಗಿಸಿ ಇಬ್ಬರು ಸೊಸೆಯರೂ ಬ್ಯಾಡಗಿಗೆ ಬಂದರು. ಎರಡೂ ಕೂಸುಗಳನ್ನು ಒಂದೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಮಾವ ನಿಶ್ಚಯಿಸಿದ್ದರು. ರೂಪಾನ ಕೂಸೇ ಮೊದಲು ಹುಟ್ಟಿದ್ದು, ಆ ಮಾನ ಅದಕ್ಕೇ ಸಲ್ಲಲಿ ಎಂದು ಸುನಂದಾ ಸೆರಗು ಹೊದ್ದು ವಿನಯದಿಂದ ಹೇಳಿದಳು. ಅಕ್ಕಾರು ಹಿರಿಯರು, ಅವರಿಗಿಂತ ಮುಂಚೆ ನಾನು ಹಡೆದರೆ ಜನ ಏನೆಂದಾರು ಎಂದು ರೂಪಾ ಇನ್ನೂ ಹೆಚ್ಚಿನ ವಿನಯದಿಂದ ಹೇಳಿದಳು. ಇಂಥ ಸೊಸೆಯರನ್ನು ಪಡೆಯಲು ಏನು ಪುಣ್ಯ ಮಾಡಿದ್ದೆನೋ ಎಂದು ಮಾವ ಪಂಜೆಯ ತುದಿಯಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಗುವುದರಲ್ಲಿತ್ತು. ಗಿರಿಜಾ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ನಿಜ ಸಂಗತಿ ತಿಳಿಸಿದಳು. ಸುನಂದಾ ತನ್ನ ಮಗನಿಗೆ ಆರ್ಯನ್ ಎಂದು ಬರೆಸಿ ಬೆಳ್ಳಿ ಉಡಿದಾರವನ್ನೇ ಮಾಡಿಸಿಟ್ಟಿದ್ದಳು. ರೂಪಾ ಪ್ರಣವ್ ಎಂದು ಕೂಸಿನ ಕುಲಾವಿ ಟೋಪಿಯ ಮೇಲೆ ಕಸೂತಿ ಹಾಕಿದ್ದಳು. ಇಬ್ಬರಿಗೂ ಗುಡ್ಡಪ್ಪ ಬೇಡ, ಇಬ್ಬರಿಗೂ ಮಾವನ ಎದುರು ಹಾಗೆನ್ನುವ ಎದೆಯಿಲ್ಲ. ಒಂದು ಕೂಸು ಜೀವಮಾನವಿಡೀ ಗುಡ್ಡಪ್ಪನಾಗಿ ಶಾಲೆಗೆ ಹೋಗಬೇಕು, ಆ ಕೂಸು ತನ್ನದಲ್ಲದಿದ್ದರೆ ಸಾಕು ಎಂಬುದೇ ಇಬ್ಬರ ಪ್ರಾರ್ಥನೆ. ನಡುವೆ ಸಿಕ್ಕಿದವಳು ಗಿರಿಜಾ. ಕೂಸಿನ ಕಿವಿಯಲ್ಲಿ 'ಕುರ್' ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ತಮಾಷೆಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಈ ಸಲದ ಗುದ್ದು ತಮಾಷೆಯದಾಗಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ತೊಟ್ಟಿಲ ಹಿಂದಿನ ದಿನ ಮಾವ ನನ್ನನ್ನು ಪಡಸಾಲೆಯಲ್ಲಿ ಕೂರಿಸಿದರು. "ಅಳಿಯಾರ, ಹೊತ್ತಿನ ವಿದ್ಯಾ ನೀವು ಓದೀರಿ. ಯಾವ ಕೂಸು ಮೊದಲ ಹುಟ್ಟೇತಿ ಅನ್ನೂದು ನೀವಽ ಹೇಳ್ರಿ. ನಾ ಬ್ಯಾರೆ ಯಾರ್ನೂ ಕೇಳೂದಿಲ್ಲ" ಎಂದರು. ಆಧಾರ ಇತ್ತು. ನರ್ಸಮ್ಮ ಕೂಸನ್ನು ಹೊರಗೆ ತಂದ ಕೂಡಲೇ ಇಬ್ಬರು ಅಪ್ಪಂದಿರೂ ಹೊಸ ಡಿಜಿಟಲ್ ಕ್ಯಾಮೆರಾಗಳಲ್ಲಿ ಫೋಟೊ ಹೊಡೆದಿದ್ದರು. ಫೋಟೊ ಎಂದರೆ ಫೈಲು, ಫೈಲಿಗೆ ಹೊತ್ತು ಇದ್ದೇ ಇರುತ್ತದೆ. ನಾನು ಕಂಪನಿಯ ಲ್ಯಾಪ್‌ಟಾಪನ್ನು ತೆರೆಯಲು ಎದ್ದಾಗ ಗಿರಿಜಾ ಬಾಗಿಲಲ್ಲಿ ತಡೆದು, "ಯಾವುದರ ಒಂದು ಕೂಸಿನ ಹೆಸರು ಹೇಳಿ ಎದ್ದುಬಿಡ್ರಿ. ಒಬ್ಬಾಕಿ ನಾಕು ದಿನ ಸಿಟ್ಟಾಗ್ತಾಳ, ಆಮ್ಯಾಲ ಮರೀತಾಳ. ನಿಮ್ಮ ಶಾಣ್ಯಾತನ ಮಾತ್ರ ಬ್ಯಾಡ" ಎಂದಳು. ಹೂಂ ಎಂದೆ. ಚಟದವರು ಹೂಂ ಎನ್ನುವ ರೀತಿ ನಿಮಗೆ ಗೊತ್ತಲ್ಲ.

ಎರಡೂ ಕ್ಯಾಮೆರಾಗಳನ್ನು ನನ್ನ ಎದುರು ಇಟ್ಟರು. ದೊಡ್ಡ ಭಾವಮೈದುನನ ಕ್ಯಾಮೆರಾದ ಗಡಿಯಾರ ಏಳು ನಿಮಿಷ ಮುಂದಿತ್ತು. ಸಣ್ಣವನದರಲ್ಲಿ ತಾರೀಖನ್ನೇ ಯಾರೂ ಹಾಕಿರಲಿಲ್ಲ. ಅದರ ಪ್ರಕಾರ ಅವನ ಮಗ ಅವನ ಮದುವೆಗೂ ಮೊದಲೇ ಹುಟ್ಟಿದ್ದ. ಈ ಮಾತನ್ನು ನಾನು ಗಟ್ಟಿಯಾಗಿ ಹೇಳಬಾರದಿತ್ತು. ತೊಟ್ಟಿಲಿಗೆಂದು ಬಂದಿದ್ದ ಹಾವೇರಿಯ ಬೀಗರು ಸಮಾಧಾನವಾಗುವವರೆಗೆ ಕಾದು, ಎರಡೂ ಗಡಿಯಾರಗಳನ್ನು ನನ್ನ ಲ್ಯಾಪ್‌ಟಾಪಿನ ಹೊತ್ತಿಗೆ ಹೋಲಿಸಿ, ಕೂಡಿ ಕಳೆದು ನೋಡಿದೆ. ರಾಣೆಬೆನ್ನೂರಿನ ಫೋಟೊ ಹಾವೇರಿಯ ಫೋಟೊಗಿಂತ ಒಂದೇ ಒಂದು ಸೆಕೆಂಡು ಮೊದಲಿನದು. ಸುನಂದಾ ಉಡಿದಾರ ಇಟ್ಟಿದ್ದ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಅವಳ ಕಣ್ಣು ತುಂಬಿ ಬಂತು. ರೂಪಾ ತಲೆ ತಗ್ಗಿಸಿ ನಗು ಬಚ್ಚಿಟ್ಟುಕೊಂಡಳು. ಮಾವ ಗುಡ್ಡಪ್ಪ ಎನ್ನಲು ಬಾಯಿ ತೆರೆದರು. ಅಲ್ಲಿಗೆ ನಾನು ಏಳಬಹುದಾಗಿತ್ತು. ಎದ್ದಿದ್ದರೆ ಒಂದು ಕೂಸಾದರೂ ಉಳಿಯುತ್ತಿತ್ತು.

"ಆದರ ಮಾವಾರ, ಒಂದು ಮಾತು ಐತಿ" ಎಂದೆ ನಾನು.

ಕ್ಯಾಮೆರಾದ ಕಾರ್ಡಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ ಓಬೀರಾಯನ ಕಾಲದ್ದೆಂದೂ, ಜಾಗ ಉಳಿಸಲು ಅದು ಎರಡೆರಡು ಸೆಕೆಂಡಿಗೆ ಒಂದರಂತೆ ಮಾತ್ರ ಹೊತ್ತು ಬರೆದುಕೊಳ್ಳುತ್ತದೆಂದೂ, ಬೆಸ ಸೆಕೆಂಡೆಂಬುದು ಅದಕ್ಕೆ ಗೊತ್ತೇ ಇಲ್ಲವೆಂದೂ, ಎರಡು ಸೆಕೆಂಡಿನ ಅಳತೆಗೋಲಿನಿಂದ ಒಂದು ಸೆಕೆಂಡಿನ ವ್ಯತ್ಯಾಸ ಅಳೆಯುವುದು ಜ್ವಾಳದ ಚೀಲ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದಂತೆ ಎಂದೂ ವಿವರಿಸಿದೆ. ಎಂಥ ವಿವರಣೆ ಅದು. ಕಂಪನಿಯಲ್ಲಿ ಯಾರೂ ಕೇಳಿಸಿಕೊಳ್ಳದೆ ಉಳಿದಿದ್ದದ್ದೆಲ್ಲ ಹೊರಗೆ ಬಂತು. ಕೊನೆಗೆ, ವಿದ್ಯೆಯ ಪ್ರಕಾರ ಇಬ್ಬರೂ ಒಂದೇ ಹೊತ್ತಿಗೆ ಹುಟ್ಟಿದವರು, ಹಿರಿಯ ಕಿರಿಯ ಎನ್ನಲು ಯಾರಿಂದಲೂ ಸಾಧ್ಯವಿಲ್ಲ ಎಂದು ಮುಗಿಸಿದೆ. ಸುನಂದಾಳ ಮುಖ ಅರಳಿತು, ರೂಪಾಳದೂ ಬಾಡಲಿಲ್ಲ. ಮೊದಲನೆಯವನೇ ಇಲ್ಲವೆಂದಮೇಲೆ ಹೆಸರಿನ ಮಾತೇ ಬಿತ್ತು ಎಂದು ಇಬ್ಬರೂ ಎಣಿಸಿದ್ದಿರಬೇಕು. ಹೆಮ್ಮೆಯಿಂದ ನಾನೂ ಹಾಗೆಯೇ ಎಣಿಸಿದೆ.

ಮಾವ ಅಪ್ಪನ ನೆನಪಾಗಿ ಪಂಜೆಯ ತುದಿಯಿಂದ ಮತ್ತೆ ಕಣ್ಣೊರೆಸಿಕೊಂಡರು. "ಇಬ್ರೂ ಕೂಡಿ ಬಂದಾರ ಅಂದ್ರ, ನಮ್ಮಪ್ಪಗ ಇಬ್ರೂ ಬೇಕಾಗ್ಯಾರ. ಎರಡೂ ಕೂಸಿಗೂ ಗುಡ್ಡಪ್ಪ ಅಂತಽ ಕರೀರಿ" ಎಂದರು.

ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು ಇಡಲು ಯಂತ್ರವೇ ಒಪ್ಪುವುದಿಲ್ಲ, ಹಳೆಯದನ್ನು ಅಳಿಸಲೇ ಎಂದು ಕೇಳುತ್ತದೆ ಎಂದು ನಾನು ತಡವರಿಸಿದೆ. ಮಾವ ನಕ್ಕರು. ಬ್ಯಾಡಗಿ ಪೇಟೆಯಲ್ಲಿ ಒಂದೇ ಹೆಸರಿನ ದಲಾಲರು ಬೇಕಾದಷ್ಟು ಜನ ಇದ್ದಾರೆ, ಇದುವರೆಗೆ ಯಾರೂ ಯಾರನ್ನೂ ಅಳಿಸಿಲ್ಲ ಎಂದು ಹೇಳಿ ಅಂಗಡಿಗೆ ನಡೆದರು. ಸೊಸೆಯರಿಬ್ಬರೂ ಅಷ್ಟು ದಿನಗಳಲ್ಲಿ ಮೊದಲ ಸಲ ಒಂದೇ ಮನಸ್ಸಿನವರಾಗಿ ನನ್ನ ಕಡೆ ತಿರುಗಿ ನೋಡಿದರು. ನಾನು ಲ್ಯಾಪ್‌ಟಾಪನ್ನು ಚೀಲಕ್ಕೆ ತುಂಬಿಕೊಳ್ಳುವುದರಲ್ಲಿ ಬಹಳ ಮಗ್ನನಾದೆ.

ಸಂಜೆ ಹಿತ್ತಿಲಲ್ಲಿ ಗಿರಿಜಾ ಕೂಸುಗಳ ತಲೆಗೆ ಕಟ್ಟುವ ಕುಂಚಿಗೆಗಳನ್ನು ಒಣಹಾಕುತ್ತ, ಫೋಟೊ ತೆಗೆದದ್ದು ಯಾವಾಗ ಎಂದು ಕೇಳಿದಳು. ನರ್ಸಮ್ಮ ಕೂಸನ್ನು ಹೊರಗೆ ತಂದಾಗ ಎಂದೆ. "ಹುಟ್ಟಿದ ಕೂಸಿನ್ನ ತೊಳದು, ಒರಸಿ, ಅರಿವಿ ಸುತ್ತಿ ಹೊರಗ ತರಾಕ ಒಂದೊಂದು ನರ್ಸಮ್ಮಗ ಒಂದೊಂದು ಹೊತ್ತು ಹಿಡಿತೈತಿ. ಅದರಾಗ ನಿಮ್ಮ ಎರಡು ಸೆಕೆಂಡು ಎಲ್ಲಿ ಬಂತ್ರಿ?" ಎಂದಳು. ಇದನ್ನು ಈಗ ಹೋಗಿ ಮಾವನಿಗೆ ಹೇಳಲೇ ಎಂದು ಕೇಳಿದೆ. ಅಡುಗೆಭಟ್ಟರಿಗೆ ಹೇಳಿಯಾಗಿದೆ, ಬಳಗಕ್ಕೆಲ್ಲ ಫೋನು ಹೋಗಿದೆ, ಇನ್ನು ನೀವು ಏನನ್ನೂ ಸರಿಮಾಡಬೇಡಿ ಎಂದಳು. ನೆನಪಿಡಲಾಗದ್ದನ್ನು ಹೇಳಬಾರದು ಎಂದು ಯಂತ್ರಕ್ಕೆ ಕಲಿಸಲು ಹೊರಟಿದ್ದ ನನಗೆ, ಗೊತ್ತಿಲ್ಲದ್ದನ್ನೂ ಹೇಳಬಾರದೆಂದು ಕಲಿಸುವವರು ಆವರೆಗೆ ಯಾರೂ ಸಿಕ್ಕಿರಲಿಲ್ಲ.

ಮರುದಿನ ಎರಡು ತೊಟ್ಟಿಲುಗಳ ನಡುವೆ ಗಿರಿಜಾ ನಿಂತಳು. ಜೋಗುಳವಾಯಿತು. ಹೆಸರು ಹೇಳುವ ಹೊತ್ತಿಗೆ ಅವಳು ಬಗ್ಗದೆ ನನ್ನನ್ನು ಕರೆದಳು. ಹೆಸರು ತಂದವರು ನೀವು, ಹೇಳುವವಳು ಮಾತ್ರ ನಾನು, ಬೆನ್ನು ನಿಮ್ಮದೇ ಇರಲಿ ಎಂದಳು. ಗಂಡಸರು ಅಲ್ಲಿ ನಿಲ್ಲುವ ಪದ್ಧತಿಯಿಲ್ಲ ಎಂದೆ. ಯಾವ ಹಿರಿಯ ಹೆಂಗಸೂ ನನ್ನ ಸಹಾಯಕ್ಕೆ ಬರಲಿಲ್ಲ. ಮಾವ ಕೂಡ ಗೋಡೆಯ ಮೇಲಿನ ತೋರಣವನ್ನು ನೋಡುತ್ತಿದ್ದರು. ಬಗ್ಗಿ ನಿಂತೆ. ಗಿರಿಜಾ ಎರಡೂ ಕೂಸುಗಳ ಕಿವಿಯಲ್ಲಿ 'ಕುರ್, ಗುಡ್ಡಪ್ಪ' ಎಂದಳು. ಬೆನ್ನ ಮೇಲೆ ಏನೋ ಕುಸಿದುಬಿದ್ದಂತಾಗಿ ನಾನು ತೊಟ್ಟಿಲ ಪಟ್ಟಿಯನ್ನು ಹಿಡಿದುಕೊಂಡೆ. ಕಣ್ಣಿನ ಕತ್ತಲೆ ತಿಳಿಯಾದಾಗ ನನ್ನ ಎಡಕ್ಕೆ ಸುನಂದಾ, ಬಲಕ್ಕೆ ರೂಪಾ ಮುಷ್ಟಿ ಬಿಗಿಹಿಡಿದೇ ನಿಂತಿದ್ದರು.

"ಯಾರ ಗುದ್ದು ಮೊದಲ ಬಿತ್ತು, ಹೇಳ್ರಿ ಅಣ್ಣಾರ" ಎಂದಳು ಸುನಂದಾ.

ನಾನು ಬೆನ್ನು ನೀವಿಕೊಳ್ಳುತ್ತ, ಎರಡೂ ಎರಡು ಸೆಕೆಂಡಿನೊಳಗೇ ಬಿದ್ದಿವೆ, ಹೇಳಲು ಬರುವುದಿಲ್ಲ ಎಂದೆ. ಹಾಗಾದರೆ ಇನ್ನೊಮ್ಮೆ ನೋಡೋಣ, ಬಗ್ಗಿ ಎಂದಳು ರೂಪಾ.