ನಾಲ್ಕನೇ ಅಧ್ಯಾಯದ ಹಗೇವು

ಹಗೇವಿನ ಬಾಯಿಯ ಅಗಲ ಒಂದು ಮೊಳ ನಾಲ್ಕು ಬೆರಳು. ನಾನೇ ಅಳೆದಿದ್ದೇನೆ. ಭುಜ ಮುದುರಿಕೊಂಡರೆ ಒಬ್ಬರು ಇಳಿಯಬಹುದು. ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಬೆನ್ನಿಗೆ ಬಿಲ್ಲು ಕಟ್ಟಿ, ಕೂದಲು ಹಾರಿಸುತ್ತ ಇಳಿಯಲು ಸಾಧ್ಯವಿಲ್ಲ. ನನ್ನ ಕಾದಂಬರಿಯ ನಾಯಕಿ ನಾಲ್ಕನೇ ಅಧ್ಯಾಯದಲ್ಲಿ ಹಾಗೆಯೇ ಇಳಿದಿದ್ದಳು. ಅದೂ ಇಪ್ಪತ್ತೊಂದು ಮೆಟ್ಟಿಲುಗಳ ಮೇಲಿಂದ. ಹಗೇವಿಗೆ ಮೆಟ್ಟಿಲೇ ಇರುವುದಿಲ್ಲ!

ಕಾಣದವರಿಗಾಗಿ ಹೇಳುತ್ತೇನೆ: ಜೋಳ ವರ್ಷಗಟ್ಟಲೆ ಕೆಡದಿರಲೆಂದು ನೆಲದೊಳಗೆ ತೋಡಿದ ಕಣಜಕ್ಕೆ ನಮ್ಮ ಕಡೆ ಹಗೇವು ಎನ್ನುತ್ತಾರೆ. ಹೂಜಿಯಂತೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಮೇಲೆ ನಡೆದಾಡುವವರಿಗೆ ಅಲ್ಲಿ ಏನೋ ಇದೆಯೆಂದೇ ತಿಳಿಯದು. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಗೆಳತಿಯೊಬ್ಬಳ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ನಾವು ಕೂತ ಜಾಗದ ಕೆಳಗೇ ಹಳೆಯ ಹಗೇವು ಇದೆ, ಮೇಲೆ ಫರಸಿ ಕಲ್ಲು ಹಾಸಿದ್ದಾರೆ ಎಂದು ಆಕೆ ರೊಟ್ಟಿ ಮುರಿಯುತ್ತ ಹೇಳಿದಳು. ಅಂದಿನಿಂದ ನನ್ನ ತಲೆಯಲ್ಲಿ ನೆಲದ ಕೆಳಗೊಂದು ಊರು ಇದೆ. ಆ ಊರಿಗೆ ಹೋಗುವ ಹುಡುಗಿಯ ಹೆಸರು ನೀಲಾ.

ನಾನು ಧಾರವಾಡದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಐದರಿಂದ ಏಳರವರೆಗೆ ಹದಿಹರೆಯದವರಿಗಾಗಿ ಮಾಯಾಲೋಕದ ಕಾದಂಬರಿ ಬರೆಯುತ್ತೇನೆ. ಈ ಎರಡನೆಯ ಸಂಗತಿ ಯಾರಿಗೂ ಗೊತ್ತಿಲ್ಲ. ನಾನು ಯಾವುದೋ ಪರೀಕ್ಷೆಗೆ ಓದುತ್ತಿದ್ದೇನೆಂದು ಅವ್ವ ತಿಳಿದಿದ್ದಾಳೆ. ನಾನು ಹಾಗೆಂದು ಹೇಳಿಲ್ಲ, ಹಾಗಲ್ಲವೆಂದೂ ಹೇಳಿಲ್ಲ. ಸುಳ್ಳು ಹೇಳಬಾರದು, ಆದರೆ ಪೂರ್ತಿ ಹೇಳಬೇಕಾಗಿಲ್ಲ. ಇದು ನನ್ನ ನೀತಿ.

ಗೊತ್ತಿದ್ದವರು ಒಬ್ಬರೇ, ಹುಬ್ಬಳ್ಳಿಯ ಪ್ರಕಾಶಕರು. ಅವರು ಹಸ್ತಪ್ರತಿಯನ್ನು ಹಿಂದಿರುಗಿಸಿ, ನಾಲ್ಕನೇ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದಿದ್ದರು: "ನೀವು ಹಗೇವು ನೋಡೀರೇನು?" ಸೋಮವಾರದೊಳಗೆ ಅಧ್ಯಾಯ ತಿದ್ದಿ ಕಳಿಸಿದರೆ ಈ ವರ್ಷ ಪುಸ್ತಕ, ಇಲ್ಲವಾದರೆ ಮುಂದಿನ ವರ್ಷ ನೋಡೋಣ ಎಂದು ಫೋನಿನಲ್ಲಿ ತಿಳಿಸಿದರು. ಅವರ 'ನೋಡೋಣ'ದ ಅರ್ಥ ನನಗೆ ಗೊತ್ತಿತ್ತು.

ನಮ್ಮ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವ ಗಂಗವ್ವನ ತವರು ಉಪ್ಪಿನಬೆಟಗೇರಿ. ಅವಳ ಅಣ್ಣನ ಮನೆಯಲ್ಲಿ ಇವತ್ತಿಗೂ ಹಗೇವಿನಲ್ಲಿ ಜೋಳ ಇಡುತ್ತಾರೆಂದು ತಿಳಿಯಿತು. ಹಳೆಯ ಮನೆಗಳೆಂದರೆ ನನಗೆ ಆಸಕ್ತಿ ಎಂದು ಹೇಳಿ ವಿಳಾಸ ಪಡೆದೆ. ಇದು ಸುಳ್ಳಲ್ಲ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದಾಗ ನನಗೆ ಕಿಂಚಿತ್ತೂ ಅಳುಕಿರಲಿಲ್ಲ. ಅಪರಿಚಿತರ ಮನೆಗೆ ಹೋಗಿ ಕ್ರಮಬದ್ಧವಾಗಿ ಪ್ರಶ್ನೆ ಕೇಳುವುದರಲ್ಲಿ ವಿಶ್ವವಿದ್ಯಾಲಯ ನನಗೆ ಪ್ರಥಮ ದರ್ಜೆ ಕೊಟ್ಟಿದೆ. ಹದಿನಾಲ್ಕು ಪ್ರಶ್ನೆಗಳ ಪಟ್ಟಿ ಸಿದ್ಧವಿತ್ತು. ಹಿರಿಯರ ಮನೆಯೆಂದು ಇಳಕಲ್ ಸೀರೆ ಉಟ್ಟಿದ್ದೆ. ಬರಿಗೈಯಲ್ಲಿ ಹೋಗಬಾರದೆಂದು ಅರ್ಧ ಕಿಲೋ ಪೇಢಾ ಒಯ್ದಿದ್ದೆ.

ಗಂಗವ್ವನ ಅತ್ತಿಗೆ ಶಾಂತವ್ವ ಅರವತ್ತು ದಾಟಿದ ಗಟ್ಟಿ ಹೆಂಗಸು. ಪೇಢೆಯ ಡಬ್ಬಿ ನೋಡಿದಳು, ಸೀರೆ ನೋಡಿದಳು, ಚಾಪೆ ಬದಲು ಜಮಖಾನ ಹಾಸಿದಳು. ಅವಳ ಗಂಡ ಬಸಪ್ಪ ಕಾಕಾ ಕಂಬಕ್ಕೆ ಒರಗಿ ಕೂತಿದ್ದವರು ನೆಟ್ಟಗಾದರು. ನಾನು ಪಟ್ಟಿ ತೆರೆದೆ. ಮನೆಯಲ್ಲಿ ಹಗೇವು ಎಷ್ಟು? ಒಂದರಲ್ಲಿ ಎಷ್ಟು ಚೀಲ ಹಿಡಿಯುತ್ತದೆ? ಈ ವರ್ಷ ತುಂಬಿದೆಯೇ? ಇಳಿಯುವವರು ಯಾರು, ಹೆಂಗಸರೂ ಇಳಿಯಬೇಕೇ? ಒಳಗಿನಿಂದ ಕೂಗಿದರೆ ಅಡುಗೆಮನೆಗೆ ಕೇಳುತ್ತದೆಯೇ?

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಸಂಬಂಧ ಬೆಳೆಸುವ ಮೊದಲು ಹೆಣ್ಣಿನ ಕಡೆಯವರು ಬೇರೇನೋ ನೆಪ ಮಾಡಿಕೊಂಡು ಗಂಡಿನ ಮನೆಗೆ ಹೋಗಿ ಬರುತ್ತಾರೆ. ಹಿಂದೆ ಅವರು ಮೊದಲು ವಿಚಾರಿಸುತ್ತಿದ್ದದ್ದು ಹಗೇವನ್ನು. ಹಗೇವು ತುಂಬಿದ ಮನೆಯಲ್ಲಿ ಮಗಳು ಉಪವಾಸ ಬೀಳಳು ಎಂಬ ಲೆಕ್ಕ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಎಂ.ಎ. ಎರಡನೇ ವರ್ಷದಲ್ಲಿ ಈ ಪದ್ಧತಿಯ ಮೇಲೆ ಎರಡು ಪುಟ ಉತ್ತರ ಬರೆದು ಹತ್ತಕ್ಕೆ ಎಂಟು ಅಂಕ ಪಡೆದಿದ್ದೆ. ಆ ಮನೆಯಲ್ಲಿ ಮದುವೆಗೆ ಬಂದ ಮಗನೊಬ್ಬ ಇದ್ದಾನೆಂಬುದು ಮಾತ್ರ ಗೊತ್ತಿರಲಿಲ್ಲ.

ಆರನೇ ಪ್ರಶ್ನೆಯ ಹೊತ್ತಿಗೆ ಆ ಮಗನಿಗೆ ಹೊಲಕ್ಕೆ ಫೋನು ಹೋಯಿತು. ಒಂಬತ್ತನೆಯದಕ್ಕೆ ಅವನು ಹಿತ್ತಲ ಬಾಗಿಲಿನಿಂದ ಬಂದ. ಹತ್ತನೆಯದಕ್ಕೆ ಮುಖ ತೊಳೆದು, ಇನ್ನೂ ಮಡಿಕೆಯ ಗೆರೆ ಮಾಸದ ಅಂಗಿ ತೊಟ್ಟು ಬಾಗಿಲ ಬಳಿ ನಿಂತ. ಹೆಸರು ಮಹಾಂತೇಶ. ಉಪ್ಪಿಟ್ಟು ಬಂತು, ಅದರ ಮೇಲೆ ಚಹಾ ಬಂತು. ಹಳ್ಳಿಯ ಆತಿಥ್ಯದ ಬಗ್ಗೆ ಮನಸ್ಸಿನಲ್ಲೇ ಒಂದು ಟಿಪ್ಪಣಿ ಮಾಡಿಕೊಂಡೆ.

ಶಾಂತವ್ವ ನನ್ನ ಪಕ್ಕಕ್ಕೆ ಸರಿದು ಕೂತಳು. "ಇಷ್ಟೆಲ್ಲಾ ಕೇಳಾಕತ್ತೀರಿ ಅಂದ್ರ ನಿಮ್ಮ ಮನಸಿನ್ಯಾಗ ಯಾರೋ ಒಬ್ಬಾಕಿ ಅದಾಳ. ಸಂಕೋಚ ಬ್ಯಾಡ, ಹೇಳ್ರಿ."

ನಾನು ಬೆರಗಾದೆ. ಒಂದು ಸಾಲೂ ಓದದೆ, ನನ್ನ ಮನಸ್ಸಿನಲ್ಲಿ ಒಬ್ಬ ನಾಯಕಿ ಇದ್ದಾಳೆಂದು ಈಕೆ ಕಂಡುಹಿಡಿದಳಲ್ಲ! ಓದುಗರೆಂದರೆ ಇವರು ಎಂದುಕೊಂಡು, ನೀತಿಗೆ ಭಂಗ ಬರದಂತೆ ಉತ್ತರಿಸತೊಡಗಿದೆ. ಒಬ್ಬಳಿದ್ದಾಳೆ ಎಂದೆ. ಹೆಸರು ನೀಲಾ. ತೆಳ್ಳಗಿದ್ದಾಳೆ, ಮಾತು ತುಸು ಚುರುಕು, ಕತ್ತಲೆಗೆ ಹೆದರುವುದಿಲ್ಲ. ತಾಯಿತಂದೆ ಇಬ್ಬರೂ ಇಲ್ಲ. ನಾನೇ ನೋಡಿಕೊಳ್ಳುತ್ತೇನೆ.

ಶಾಂತವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಳ್ಳಿಯ ಮನೆ ಆಕೆಗೆ ಒಪ್ಪಿಗೆಯಾಗುತ್ತದೋ ಇಲ್ಲವೋ ಎಂದು ಬಸಪ್ಪ ಕಾಕಾ ಕೇಳಿದರು. ಕಥೆ ನಡೆಯುವ ಸ್ಥಳವಾಗಿ ಆ ಮನೆ ನನಗೆ ಎಷ್ಟು ಹಿಡಿಸಿತ್ತೆಂದರೆ, ನಾನು ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ:

"ಆಕಿನ್ನೇನ ಕೇಳೂದ್ರಿ? ನಾ ಹೇಳಿದಂಗ ಕೇಳ್ತಾಳ. ಇದ ಮನಿಗೆ ಕರಕೊಂಡು ಬರೂದು ಅಂತ ನಾ ಈಗ ನಿಶ್ಚಯ ಮಾಡೀನಿ."

ಬಾಗಿಲ ಬಳಿ ಮಹಾಂತೇಶ ತಲೆ ತಗ್ಗಿಸಿದ. ಶಾಂತವ್ವ ದೇವರ ಜಗಲಿಯ ಕಡೆ ಕೈ ಮುಗಿದು, ವಯಸ್ಸು ಎಷ್ಟು ಎಂದು ಕೇಳಿದಳು.

"ಹದಿನೈದು."

ಬಸಪ್ಪ ಕಾಕಾ ಚಹಾದ ಕಪ್ಪನ್ನು ಬಸಿಯ ಮೇಲೆ ಇಟ್ಟರು. ಆ ಸದ್ದು ನನಗೆ ಚೆನ್ನಾಗಿ ನೆನಪಿದೆ.

ಮೊದಲು ಮಾತಾಡಿದವನು ಮಹಾಂತೇಶ. "ಮೇಡಮ್ಮಾರ, ಹದಿನೈದು ಅಂದ್ರ ಸಾಲಿ ಕಲಿಯೂ ವಯಸ್ಸು. ನೀವು ಓದಿದಾರು ಆಗಿ ಹಿಂಗ ಮಾಡಬಾರ್ದ್ರಿ. ನಾ ಹಂಗ ಲಗ್ನಾ ಆಗಾವಲ್ಲ." ಇಷ್ಟು ಹೇಳಿ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಲಗ್ನ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಆ ಎರಡು ಪುಟದ ಉತ್ತರ ಪೂರ್ತಿಯಾಗಿ, ಶೀರ್ಷಿಕೆ ಸಮೇತ ಜ್ಞಾಪಕಕ್ಕೆ ಬಂತು. ವಿವರಣೆ ಕೊಡಲು ಬಾಯಿ ತೆರೆದೆ. ಆದರೆ ವಿವರಿಸಬೇಕಾದರೆ ಕಾದಂಬರಿಯ ವಿಷಯ ಹೇಳಬೇಕು. ಮುಚ್ಚಿದೆ. ಅಷ್ಟರಲ್ಲಿ ಮಹಾಂತೇಶ ಮೂರು ಮನೆ ಆಚೆಗಿನ ಅಂಗನವಾಡಿ ಅಕ್ಕಾರನ್ನು ಕರೆದುಕೊಂಡು ಬಂದ. ಅವರ ಕಂಕುಳಲ್ಲಿ ರಿಜಿಸ್ಟರ್ ಇತ್ತು. ಕೂತವರೇ ಹೆಸರು ನೀಲಾ, ವಯಸ್ಸು ಹದಿನೈದು, ಪಾಲಕರಿಲ್ಲ ಎಂದು ಪೆನ್ನಿನಲ್ಲಿ ಬರೆದರು. ಬಾಲ್ಯವಿವಾಹ ತಡೆಯುವುದು ತಮ್ಮ ಕರ್ತವ್ಯವೆಂದೂ, ತಾವು ಮೇಲಿನವರಿಗೆ ತಿಳಿಸಬೇಕಾಗುತ್ತದೆಂದೂ ಶಾಂತವಾಗಿ ಹೇಳಿದರು. ನಂತರ ತಲೆ ಎತ್ತಿದರು.

"ಈಗ ಎಲ್ಲಿ ಅದಾಳ್ರಿ ಆ ಹುಡುಗಿ?"

"ನನ್ನ ಹಂತ್ಯಾಕನ ಅದಾಳ್ರಿ."

"ಹಂಗಂದ್ರ? ಮನ್ಯಾಗ ಒಬ್ಬಾಕಿನ್ನ ಬಿಟ್ಟು ಬಂದೀರೇನು?"

ನನ್ನ ನೀತಿ ಕೊನೆಯ ಬಾರಿ ನನ್ನ ಕೈ ಹಿಡಿಯಿತು. "ಇಲ್ರಿ. ಬ್ಯಾಗಿನ್ಯಾಗ ಅದಾಳ."

ನಾಲ್ವರೂ ನನ್ನ ಬ್ಯಾಗನ್ನು ನೋಡಿದರು. ಶಾಂತವ್ವ ಜಮಖಾನದ ಮೇಲೆ ಒಂದು ಗೇಣು ಹಿಂದೆ ಸರಿದಳು.

ನಾನು ನಾಲ್ಕನೇ ಅಧ್ಯಾಯವನ್ನು ಹೊರತೆಗೆದು ಅವರ ಮುಂದೆ ಇಟ್ಟೆ. ಮೂರು ವರ್ಷದಿಂದ ಹೆತ್ತ ತಾಯಿಗೂ ಹೇಳದ ಸಂಗತಿಯನ್ನು, ಅಂದೇ ಮೊದಲ ಸಲ ಕಂಡ ನಾಲ್ಕು ಜನರ ಎದುರು ಹೇಳಿದೆ. ನಾನು ಕಾದಂಬರಿ ಬರೆಯುತ್ತೇನೆ. ನೀಲಾ ಅದರೊಳಗಿನ ಹುಡುಗಿ. ಖರೇ ಅಲ್ಲ.

ಆಕಾಶ ಕಳಚಿ ಬೀಳಲಿಲ್ಲ. ಯಾರಿಗೂ ಅದು ದೊಡ್ಡ ಸಂಗತಿ ಅನ್ನಿಸಲೇ ಇಲ್ಲ. ಅಕ್ಕಾರು ಮಾತ್ರ, ಬಾಯಿಮಾತು ನಂಬಲು ಬರುವುದಿಲ್ಲ, ಓದಿ ತೋರಿಸಿ ಎಂದರು. ನಾನು ಓದಿದೆ. ನೀಲಾ ಮಣ್ಣು ಕೆದರುತ್ತಾಳೆ, ಕಲ್ಲು ಸರಿಸುತ್ತಾಳೆ, ಮರುಕ್ಷಣವೇ ಕತ್ತಿ ಹಿರಿದು ಇಪ್ಪತ್ತೊಂದು ಮೆಟ್ಟಿಲು ಇಳಿಯುತ್ತಾಳೆ. ಮೆಟ್ಟಿಲು ಬಂದಾಗ ಬಸಪ್ಪ ಕಾಕಾ ಕೆಮ್ಮಿದರು. ಪ್ರಕಾಶಕರಿಗಿಂತ ಸೌಜನ್ಯದ ಟೀಕೆ ಅದು.

ಓದಿ ಮುಗಿಸಿದ ಮೇಲೆ ಶಾಂತವ್ವ ಕೇಳಿದಳು: "ಕಲ್ಲು ಸರಿಸಿದ ಕೂಡ್ಲೆ ಇಳದಳ?"

"ಹೌದ್ರಿ."

"ಹಂಗಾದ್ರ ಸತ್ಳು."

ಇನ್ನೂ ಹದಿನೆಂಟು ಅಧ್ಯಾಯಗಳಿದ್ದವು. ಎರಡನೇ ಭಾಗದ ಯೋಜನೆಯೂ ಇತ್ತು.

ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆಂದು ಬಸಪ್ಪ ಕಾಕಾ ವಿವರಿಸಿದರು. ಕಲ್ಲು ತೆಗೆದು ಇಡೀ ದಿನ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇನ್ನೊಂದು ದಿನ ಕಾಯಬೇಕು. ಅವರ ಹಿತ್ತಲಿನ ಹಗೇವನ್ನು ಹಿಂದಿನ ದಿನವಷ್ಟೇ ತೆರೆದಿದ್ದರು. ಎಲ್ಲರೂ ಅಲ್ಲಿಗೆ ಹೋದೆವು. ಮಹಾಂತೇಶ ಕಂದೀಲು ಇಳಿಬಿಟ್ಟ. ಉರಿ ಅಲುಗದೆ ನಿಂತಿತು. ನಾನು ಬಾಯಿಯ ಅಗಲ ಅಳೆದುಕೊಂಡೆ. ಒಳಗಿನಿಂದ ಬೆಚ್ಚಗಿನ ಜೋಳದ ವಾಸನೆ ಮೇಲೆ ಬರುತ್ತಿತ್ತು.

"ಇಳೀರಿ ಈಗ," ಎಂದರು ಬಸಪ್ಪ ಕಾಕಾ.

ಧೈರ್ಯದ ಬಗ್ಗೆ ಇನ್ನೂರು ಪುಟ ಬರೆದಿರುವ ನಾನು ಬಗ್ಗಿ ನೋಡಿದೆ. ಕಂದೀಲು ಎಷ್ಟೋ ಕೆಳಗೆ, ಕಡಲೆಕಾಳಿನಷ್ಟು ಕಾಣುತ್ತಿತ್ತು. ಸೀರೆ ಉಟ್ಟಿದ್ದೇನೆ ಎಂದೆ. ಶಾಂತವ್ವ ತನ್ನ ಸೀರೆಯನ್ನೊಮ್ಮೆ ನೋಡಿಕೊಂಡಳು, ಕಚ್ಚೆ ಹಾಕಿದಳು, ಹಗ್ಗ ಹಿಡಿದು ಇಳಿದೇ ಬಿಟ್ಟಳು. ಗೋಡೆ ಹೇಗಿದೆ, ಕಾಲಿಗೆ ಏನು ತಗಲುತ್ತದೆ, ಮೇಲೆ ನೋಡಿದರೆ ಆಕಾಶ ಎಷ್ಟು ಕಾಣುತ್ತದೆ ಎಂದು ನಾನು ಮೇಲಿನಿಂದ ಕೇಳುತ್ತ ಹೋದೆ. ಒಂದು ರೊಟ್ಟಿಯಷ್ಟು ಆಕಾಶ ಕಾಣುತ್ತದೆಂದು ಒಳಗಿನಿಂದ ಉತ್ತರ ಬಂತು. ಬರೆದುಕೊಂಡೆ. ಪಟ್ಟಿಯ ಹದಿನಾಲ್ಕೂ ಪ್ರಶ್ನೆಗಳು ಮುಗಿದವು.

ಹೊರಡುವಾಗ ನಾನು ಕ್ಷಮೆ ಕೇಳಿದೆ. ಆ ವರ್ಷ ಎರಡು ಕಡೆಯವರು ಬಂದು, ಹುಡುಗ ಒಕ್ಕಲುತನ ಮಾಡುತ್ತಾನೆಂದು ತಿಳಿದು ತಿರುಗಿ ಹೋಗಿದ್ದರಂತೆ. ಹಗೇವನ್ನು ವಿಚಾರಿಸಿದವಳು ನಾನೊಬ್ಬಳೇ. ಇದನ್ನು ಶಾಂತವ್ವ ದೂರಿನಂತೆ ಹೇಳಲಿಲ್ಲ. ನಾನು ಪಟ್ಟಿಯನ್ನು ಮಡಚಿ ಬ್ಯಾಗಿಗೆ ಹಾಕಿದೆ.

ಆಕೆ ಕುಂಕುಮ ಹಚ್ಚಿ, ಉಡಿಗೆ ಕುಬ್ಬಸದ ಕಣ, ಅಂದರೆ ರವಿಕೆಯ ಬಟ್ಟೆ, ಹಾಕಿದಳು. ನಾನು ಬೇಡವೆಂದೆ.

"ಹುಡುಗಿ ಸುಳ್ಳಾದ್ರೂ ಬಂದಾಕಿ ನೀ ಖರೇ ಅದಿಯಲ್ಲ ತಂಗಿ. ತಗೋ." ನಂತರ ನನ್ನ ಮುಖವನ್ನೇ ತುಸು ಹೊತ್ತು ನೋಡಿ, "ನಿನಗೆಷ್ಟು ವಯಸ್ಸು?" ಎಂದಳು.

ಬಸ್ಸು ಬರುವ ಹೊತ್ತಾಯಿತೆಂದು ನಾನು ಎದ್ದೆ. ಮಹಾಂತೇಶ ನನಗಿಂತ ಮೊದಲೇ ಹೊಲದ ದಾರಿ ಹಿಡಿದಿದ್ದ.

ಅಕ್ಕಾರು ನಿಲ್ದಾಣದವರೆಗೂ ಜೊತೆಗೆ ಬಂದರು. ಕಥೆ ಚಲೋ ಐತಿ ಎಂದರು. ಆದರೆ ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆದ ಹೆಸರನ್ನು ಸುಮ್ಮನೆ ಹೊಡೆದುಹಾಕಲು ಬರುವುದಿಲ್ಲವಂತೆ. ಹುಡುಗಿ ಇಲ್ಲವೆಂದು ಸಹಿ ಮಾಡಿದ ಹೇಳಿಕೆ ಬೇಕು, ಕಾರಣ ಸಮೇತ.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಮೆಟ್ಟಿಲುಗಳನ್ನು ಕಿತ್ತುಹಾಕಿದೆ. ಕತ್ತಿ, ಬಿಲ್ಲುಗಳನ್ನು ಮನೆಯಲ್ಲೇ ಬಿಡಿಸಿದೆ. ತೆರೆದ ಹಗೇವಿನ ಪಕ್ಕದಲ್ಲಿ ನೀಲಾಳನ್ನು ಒಂದು ಹಗಲು ಒಂದು ರಾತ್ರಿ ಕೂರಿಸಿದೆ. ದೀಪ ಇಳಿಬಿಡಿಸಿದೆ. ಏಳಕ್ಕೆ ಅಧ್ಯಾಯವನ್ನು ಹುಬ್ಬಳ್ಳಿಗೆ ಕಳಿಸಿದೆ. ನಂತರ ಬಿಳಿ ಹಾಳೆ ತೆಗೆದುಕೊಂಡು, ಕೆಳಗೆ ಸಹಿ ಮಾಡಿರುವ ನಾನು ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ನೀಲಾ, ವಯಸ್ಸು ಹದಿನೈದು, ಇವಳು ಅಸ್ತಿತ್ವದಲ್ಲಿ ಇರುವುದಿಲ್ಲ, ಇವಳನ್ನು ನಾನೇ ಕಲ್ಪಿಸಿರುತ್ತೇನೆ ಎಂದು ಬರೆದೆ. ಅಲ್ಲಿಯವರೆಗೆ ಸುಲಭವಿತ್ತು. ಕಾರಣ ಎಂದು ಬರೆದು, ಮುಂದೆ ಎರಡು ಚುಕ್ಕಿ ಇಟ್ಟು, ಎಂಟೂವರೆಯವರೆಗೆ ಕೂತೆ. ಅವ್ವ ಉಪ್ಪಿಟ್ಟು ಆರುತ್ತದೆಂದು ಎರಡು ಸಲ ಕರೆದಳು. ಕೊನೆಗೆ, "ಅರ್ಜಿದಾರಳಿಗೆ ಸ್ವತಃ ಇಳಿಯುವ ಧೈರ್ಯವಿಲ್ಲದಿರುವುದು" ಎಂದು ಬರೆದು, ಸಹಿ ಮಾಡಿ, ಫೋಟೋ ತೆಗೆದು ಅಕ್ಕಾರಿಗೆ ಕಳಿಸಿದೆ.