ಪುಟಕ್ಕೆ ಎರಡೇ ಸಾಲು ಹಳದಿ

ಸಮಾಜ ವಿಜ್ಞಾನದ ಮಾಸ್ತರನಾದ ಮೇಲೆ ನಗೆಪಾಟಲಾಗುವುದು ಸಂಬಳದ ಜೊತೆಗೇ ಬರುತ್ತದೆ ಎಂದು ನಾನು ಎಂದೋ ಒಪ್ಪಿಕೊಂಡಿದ್ದೆ. ಹಳದಿ ಹೈಲೈಟರ್ ಪೆನ್ನು ಕೈಗೆ ಬಂದ ಮೇಲೆ ಅದು ವಾರಕ್ಕೊಮ್ಮೆ ತಪ್ಪದೆ ಆಗತೊಡಗಿತು. ರಾಯಚೂರಿನಲ್ಲಿ ನಡೆದ ಒಂದು ತರಬೇತಿಯಲ್ಲಿ, ಪುಸ್ತಕದ ಮುಖ್ಯ ಸಾಲುಗಳಿಗೆ ಬಣ್ಣ ಹಚ್ಚಿ ಓದುವುದನ್ನು ಮಕ್ಕಳಿಗೆ ಕಲಿಸಿ ಎಂದು ಹೇಳಿ, ಮಧ್ಯಾಹ್ನದ ಊಟದ ಜೊತೆಗೆ ಒಂದೊಂದು ಪೆನ್ನನ್ನೂ ಕೊಟ್ಟರು. ಊಟ ಅವತ್ತೇ ಜೀರ್ಣವಾಯಿತು. ಪೆನ್ನು ಇನ್ನೂ ಆಗಿಲ್ಲ.

೧. ಪಾಪದ ಪುಟಸಂಖ್ಯೆ

ಆಗ ನಾನು ಮಾನ್ವಿಯ ಒಂದು ಪ್ರೌಢಶಾಲೆಯಲ್ಲಿದ್ದೆ. ತರಬೇತಿಯ ಬಿಸಿ ಆರುವ ಮೊದಲೇ ಬೆಂಚಿಗೊಂದು ಹಳದಿ ಪೆನ್ನು ತಂದು ಹಂಚಿದೆ. ನಿಯಮವನ್ನೂ ಹೇಳಿದೆ: ಮೊದಲು ಪುಟವನ್ನು ಪೂರ್ತಿ ಓದಬೇಕು, ಆಮೇಲೆ ಪೆನ್ನಿನ ಮುಚ್ಚಳ ತೆಗೆಯಬೇಕು, ಪುಟಕ್ಕೆ ಎರಡೇ ಸಾಲು ಹಚ್ಚಬೇಕು.

ಹದಿನೈದು ನಿಮಿಷದ ಮೇಲೆ ನೋಡಿದರೆ, ಮೂರನೆಯ ಬೆಂಚಿನ ಹುಡುಗನ ಪುಟ ಪೂರ್ತಿ ಹಳದಿ. ಚಿತ್ರದ ಕೆಳಗಿನ ಹೆಸರನ್ನೂ ಬಿಟ್ಟಿರಲಿಲ್ಲ.

"ಎರಡ ಸಾಲು ಅಂದಿದ್ದೆ ಅಲ್ಲೇನೋ?"

"ಮೊದಲ ಎರಡ ಹಚ್ಚಿದ್ದೆ ಸರ. ಆಮ್ಯಾಲ ಬಾಜೂದ ಸಾಲು ಓದಿದೆ. ಅದೂ ಪರೀಕ್ಷ್ಯಾಗ ಬರೂ ಹಂಗ ಕಾಣಿಸ್ತು. ಅದರ ಬಾಜೂದೂ ಹಂಗ ಕಾಣಿಸ್ತು."

"ಸರಿ. ಪುಟದ ನಂಬರಿಗ್ಯಾಕ ಹಚ್ಚೀದಿ?"

"ಅದೊಂದ ಉಳಿದಿತ್ರಿ ಸರ. ಪಾಪ ಅನ್ನಿಸ್ತು."

೨. ಕೆಂಪಿನ ಅರ್ಥ

ಮಾನ್ವಿಯಿಂದ ದೇವದುರ್ಗಕ್ಕೆ ವರ್ಗವಾಯಿತು. ರಾಯಚೂರಿನ ಮನೆಯಿಂದ ದಿನಾ ಬಸ್ಸಿನ ಓಡಾಟ. ಹೊಸ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಅಕ್ಕ, ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಗಿನಿಂದ ಕಟ್ಟಿ, ಉಳಿದ ವಿಷಯವನ್ನೆಲ್ಲ ಪಾಸು ಮಾಡಿ, ನನ್ನ ವಿಷಯವೊಂದರಲ್ಲೇ ಎರಡು ಸಲ ಬಿದ್ದಿದ್ದರು. ಅವರ ಓಣಿಯ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಖಾಲಿಯಾಗುವುದರಲ್ಲಿತ್ತು. ಅದಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು, ವಯಸ್ಸೂ ಮೀರಿರಬಾರದು.

"ಇದ ಕಡೀ ಸಲ ಸರ," ಎಂದರು ಅಕ್ಕ. "ಈ ಸಲ ಬಿದ್ದೆ ಅಂದ್ರ ವಯಸ್ಸು ದಾಟತದ. ಆಮ್ಯಾಲ ಪಾಸಾದ್ರೂ ನನಗ ಸೌಟ ಗತಿ."

ನನಗೆ ಕೆಡುಕೆನಿಸಿತು. ದಿನಾ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಬಂದು ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕೂಡ್ರಿ ಎಂದೆ. ದಸರೆಯ ರಜೆಗೆ ಅವರ ಪುಸ್ತಕವನ್ನು ಮನೆಗೆ ತಂದು, ಮಾದರಿಗೆಂದು ಮೊದಲನೆಯ ಪಾಠಕ್ಕೆ ಮಾತ್ರ ನಾನೇ ಹಳದಿ ಹಚ್ಚಿ ಮೇಜಿನ ಮೇಲಿಟ್ಟೆ.

ಮರುದಿನ ಪುಸ್ತಕ ಇಲ್ಲ. ಹುಡುಕಿದರೆ ದೇವರ ಮುಂದೆ, ಸರಸ್ವತಿ ಪೂಜೆಗೆ ಇಟ್ಟ ಗ್ರಂಥಗಳ ಸಾಲಿನಲ್ಲಿ, ಮೇಲೊಂದು ತುಳಸಿಯ ಕುಡಿ ಹೊತ್ತು ಕೂತಿದೆ.

"ಅವ್ವಾ, ಅದು ಶಾಲೀ ಪುಸ್ತಕ."

"ಇರವಲ್ಲದ್ಯಾಕ," ಎಂದಳು ಅವ್ವ. "ಪುಟಪುಟಕ್ಕ ಅರಿಶಿಣ ಹಚ್ಚಿದ ಪುಸ್ತಕ ಹೊರಗ ಇಡ್ತಾರೇನು? ಈಗ ಪೂಜಾಕ್ಕ ಕೂತದ. ವಿಜಯದಶಮಿ ತನಕಾ ಕೈ ಹಚ್ಚಬ್ಯಾಡ."

ಪೂಜೆಗೆ ಕೂತ ಪುಸ್ತಕವನ್ನು ನಡುವೆ ಎಬ್ಬಿಸಿ ಓದುವ ರೂಢಿ ನಮ್ಮ ಮನೆಯಲ್ಲಿಲ್ಲ. ಹೀಗಾಗಿ ಅದು ವಿಜಯದಶಮಿಯ ಪೂಜೆ ಮುಗಿಸಿಕೊಂಡೇ ಎದ್ದಿತು. ಅವ್ವ ಪುಸ್ತಕ ತೆರೆದು ಮೊದಲ ಹಾಳೆಗೆ ಎರಡು ಕಡೆ ಧಾರಾಳವಾಗಿ ಕುಂಕುಮ ಹಚ್ಚಿದ್ದಳು. ರಜೆ ಮುಗಿದ ಮೇಲೆ ಹಾಗೆಯೇ ಒಯ್ದು ಕೊಟ್ಟೆ.

ನಾಲ್ಕು ದಿನ ಬಿಟ್ಟು ಅಕ್ಕ ಬಂದು, ಕೈಕಟ್ಟಿ ನಿಂತು, ಮುನ್ನುಡಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಪಠ್ಯಪುಸ್ತಕ ಸಮಿತಿಯ ಸದಸ್ಯರ ಹೆಸರೂ ಒಂದು ಬಿಡಲಿಲ್ಲ.

"ಇದನ್ನ ಯಾಕ ಬಾಯಿಪಾಠ ಮಾಡೀರಿ ಅಕ್ಕ?"

"ಹಳದಿ ಅಂದ್ರ ಮುಖ್ಯ ಅಂದಿದ್ರಿ. ಕೆಂಪು ಅಂದ್ರ ಇನ್ನೂ ಮುಖ್ಯ ಇರಬೇಕಲ್ರಿ ಸರ."

೩. ಹಿಂದಿನ ವರ್ಷದ ಅಣ್ಣ

ನಮ್ಮ ಶಾಲೆಯಲ್ಲಿ ಹಳೆಯ ಪಠ್ಯಪುಸ್ತಕಗಳನ್ನು ಕೂಡಿಸಿಟ್ಟು ಮುಂದಿನ ವರ್ಷದವರಿಗೆ ಕೊಡುವ ಪದ್ಧತಿ ಇದೆ. ಹೀಗೆ ಹಳೆಯ ಪುಸ್ತಕ ಸಿಕ್ಕ ಹುಡುಗ ಪೆನ್ನು ಮುಟ್ಟದೆ ಸುಮ್ಮನೆ ಕೂತಿದ್ದ.

"ಯಾಕೋ, ಬಣ್ಣ ಹಚ್ಚವಲ್ಲಿ?"

"ಹೋದ ವರ್ಷದ ಅಣ್ಣ ಎಲ್ಲಾ ಹಚ್ಚಿಟ್ಟಾನ್ರಿ ಸರ. ನಾ ಅದರ ಮ್ಯಾಲ ಓದಾಕತ್ತೀನಿ."

ಪುಸ್ತಕ ಇಸಿದುಕೊಂಡು ಹೆಸರು ನೋಡಿದೆ. ಆ ಅಣ್ಣ ನನಗೆ ಚೆನ್ನಾಗಿ ಗೊತ್ತು. ನನ್ನ ವಿಷಯದಲ್ಲಿ ಅವನ ಅಂಕ ಎರಡಂಕಿ ಮುಟ್ಟಿರಲಿಲ್ಲ.

"ಇವ ನಪಾಸಾದವ ಅಲ್ಲೇನೋ? ಇವ ಹಚ್ಚಿದ್ದು ಓದಿ ನೀ ಏನಾಗ್ತಿ?"

"ಗೊತ್ತದ್ರಿ ಸರ. ಅದಕ್ಕ ಅವ ಹಚ್ಚಿದ್ದು ಬಿಟ್ಟು ಉಳಿದದ್ದು ಓದಾಕತ್ತೀನಿ."

ಪುಸ್ತಕ ಅವನಿಗೇ ವಾಪಸು ಕೊಟ್ಟೆ. ಕಿರುಪರೀಕ್ಷೆಯಲ್ಲಿ ತರಗತಿಗೇ ಹೆಚ್ಚು ಅಂಕ ಅವನಿಗೇ ಬಂದವು.

೪. ಸಾಹೇಬರ ಮುಖ್ಯ ಮಾತು

ನನ್ನ ಹಳದಿ ಪೆನ್ನಿನ ಸುದ್ದಿ ಹೇಗೋ ಮೇಲಿನವರಿಗೆ ಮುಟ್ಟಿ, ಒಬ್ಬ ಸಾಹೇಬರು ನೋಡಲು ಬಂದರು. ಬಂದವರು ನೋಡಲಿಲ್ಲ, ಮಾತಾಡಿದರು. ಓದಿನ ಮಹತ್ವದ ಬಗ್ಗೆ ಒಂದು ಪೀರಿಯಡ್ಡು ಪೂರ್ತಿ ಮಾತಾಡಿ, ಊಟದ ಗಂಟೆ ಹೊಡೆದ ಮೇಲೂ ಮಾತಾಡಿದರು. ಆಗಲೇ ಸಾಂಬಾರಿನ ಒಗ್ಗರಣೆಯ ವಾಸನೆ ತರಗತಿಯೊಳಗೆ ಬಂದು ಕೂತಿತ್ತು.

ಕೊನೆಗೆ ಸಾಹೇಬರಿಗೇ ಒಂದು ಹುರುಪು ಬಂತು. ಮುಂದಿನ ಬೆಂಚಿನ ಹುಡುಗಿ ಅವರ ಮಾತನ್ನೆಲ್ಲ ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದಳು. "ಭೇಷ್. ಈಗ ನನ್ನ ಭಾಷಣದಾಗ ಮುಖ್ಯ ಅನ್ನಿಸಿದ್ದಕ್ಕ ಹಳದಿ ಹಚ್ಚಿ ತೋರಸು ನೋಡೋಣ," ಎಂದರು.

ಹುಡುಗಿ ಮೂರು ಪುಟಗಳನ್ನು ಪೂರ್ತಿ ಓದಿದಳು. ಆಮೇಲೇ ಪೆನ್ನಿನ ಮುಚ್ಚಳ ತೆಗೆದಳು. ನಿಯಮ ಪಾಲಿಸುತ್ತಿದ್ದಾಳೆ ಎಂದು ನನಗೆ ಹೆಮ್ಮೆಯಾಯಿತು. ಒಂದೇ ಒಂದು ಸಾಲಿಗೆ ಹಚ್ಚಿ ಪುಸ್ತಕವನ್ನು ಸಾಹೇಬರ ಕೈಗೆ ಕೊಟ್ಟಳು.

ಸಾಲು ಇಷ್ಟಿತ್ತು: "ಇನ್ನು ನನ್ನ ಮಾತು ಮುಗಿಸುತ್ತೇನೆ."

೫. ಮಣ್ಣಿನ ಪಾಠ

ಎಲ್ಲ ಮಾಸ್ತರರಿಗೂ ತಮ್ಮದೇ ಎನ್ನುವ ಒಂದು ಪಾಠ ಇರುತ್ತದೆ. ನನ್ನದು ಭಾರತದ ಮಣ್ಣುಗಳು. ಉಳಿದ ಪಾಠ ಎರಡು ಮೂರು ದಿನದಲ್ಲಿ ಮುಗಿದರೆ, ಇದನ್ನು ಪೂರ್ತಿ ಎರಡು ವಾರ ಹೇಳುತ್ತೇನೆ. ನಕ್ಷೆ, ಪಟ, ಬಾಟಲಿಯಲ್ಲಿ ತುಂಬಿದ ಮಣ್ಣು ಎಲ್ಲವೂ ಇರುತ್ತವೆ. ಈ ಪಾಠವೊಂದು ತಲೆಗೆ ಹೋದರೂ ಅಕ್ಕ ಪಾಸಾದಂತೆಯೇ ಎಂದು ಆ ವರ್ಷ ಇನ್ನಷ್ಟು ಜೋರಾಗಿ ಹೇಳಿದೆ. ಅಕ್ಕ ಕೊನೆಯ ಬೆಂಚಿನಲ್ಲಿ ಪೆನ್ನು ಹಿಡಿದು ಒಂದೇ ಸಮ ಹಚ್ಚುತ್ತಿದ್ದರು. ನೋಡಿ ನನಗೆ ಹುರುಪೇರಿ ಮತ್ತೂ ಬಿಡಿಸಿ ಹೇಳುತ್ತಿದ್ದೆ. ಎರಡು ವಾರದಲ್ಲಿ ನಾನು ತಪ್ಪಿಸಿದ್ದು ಒಂದೇ ದಿನ. ನೀರಮಾನ್ವಿಯಲ್ಲಿ ನೆಂಟರ ಮದುವೆ ಇತ್ತು.

ಪರೀಕ್ಷೆ ಬಂತು, ಹೋಯಿತು. ಫಲಿತಾಂಶದ ದಿನ ನನ್ನ ಮೊಬೈಲಿನಲ್ಲಿ ಅಕ್ಕನ ಪರೀಕ್ಷೆಯ ನಂಬರು ಹಾಕಿ ನೋಡಿದೆ.

ಪಾಸು.

ಶಾಲೆ ಮತ್ತೆ ಶುರುವಾದ ಮೊದಲ ವಾರ ಅಕ್ಕ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದರು. ಅಂಗನವಾಡಿಗೆ ಅರ್ಜಿ ಹಾಕಿಯೂ ಆಗಿತ್ತು. ಇನ್ನೊಂದು ಕೈಯಲ್ಲಿ ಮುಂದಿನ ವರ್ಷದವರಿಗೆಂದು ಶಾಲೆಗೆ ಕೊಡಲು ತಂದ ಅದೇ ಪುಸ್ತಕ. ನಾನು ಬಿಡುತ್ತೇನೆಯೇ? ಅಕ್ಕನನ್ನೂ ಪುಸ್ತಕವನ್ನೂ ಹೊಸ ಹತ್ತನೆಯ ತರಗತಿಯ ಮುಂದೆ ನಿಲ್ಲಿಸಿದೆ.

"ನೋಡ್ರಿ, ಹಳದಿ ಹೆಂಗ ಹಚ್ಚಬೇಕಂತ ಇವರಿಂದ ಕಲೀರಿ," ಎಂದು ಪುಟ ತಿರುವುತ್ತ ಹೋದೆ. ಇಲ್ಲೊಂದು ಸಾಲು, ಅಲ್ಲೊಂದು ಸಾಲು, ಕೆಲವು ಪುಟ ಪೂರ್ತಿ ಬಿಳಿ. ಮಣ್ಣಿನ ಪಾಠ ಬಂತು. ಮೇಲಿನಿಂದ ಕೆಳಗಿನವರೆಗೆ ಹಳದಿಯೇ ಹಳದಿ.

ನನ್ನ ಎದೆ ಉಬ್ಬಿತು. "ಇಲ್ಲಿ ಇವರು ಎರಡ ಸಾಲಿನ ನಿಯಮ ಮುರದಾರ. ಯಾಕ? ಪಾಠ ಛೊಲೋತ್ನಾಗ ಹೇಳಿಕೊಟ್ರ ಒಂದ ಸಾಲೂ ಬಿಡಾಕ ಮನಸ್ಸಾಗೂದಿಲ್ಲ. ಅಕ್ಕ, ನೀವ ಹೇಳ್ರಿ."

ಅಕ್ಕ ಸೆರಗು ಸರಿ ಮಾಡಿಕೊಂಡು ನಿಂತರು. "ಹೇಳ್ಲೇನ್ರಿ ಸರ?"

"ಹೇಳ್ರಿ, ಸಂಕೋಚ ಬ್ಯಾಡ."

"ನಾ ಇಷ್ಟು ವರ್ಷ ಇಲ್ಲಿ ಅಕ್ಕಿ ಹಸನು ಮಾಡೀನಿ. ಹಸನು ಮಾಡೂವಾಗ ಅಕ್ಕಿ ಆರಿಸಿ ತೆಗೀತೀವೇನು? ಹಳ್ಳು, ಕಲ್ಲು ಆರಿಸಿ ತೆಗೀತೀವಿ. ತಿಳಿದದ್ದಕ್ಕ ಯಾಕ ಬಣ್ಣ ಹಚ್ಚೂದು, ಅದು ತಿಳಿದದ. ಎಲ್ಲಿ ತಿಳೀಲಿಲ್ಲ, ಅಲ್ಲಷ್ಟ ಹಚ್ಚೀನಿ. ಆಮ್ಯಾಲ ಮನ್ಯಾಗ ಕೂತು ಆ ಹಳದಿ ಇದ್ದದ್ದನ್ನಷ್ಟ ತಿಳಿಯೂ ತನಕಾ ಓದೀನಿ."

ತರಗತಿ ಮೊದಲು ಅಕ್ಕನನ್ನು ನೋಡಿತು. ಆಮೇಲೆ ನನ್ನ ಕೈಯಲ್ಲಿ ಅಗಲವಾಗಿ ತೆರೆದಿದ್ದ ಮಣ್ಣಿನ ಪಾಠವನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು. ಹಿಂದಿನ ಬೆಂಚಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು.

ಹನ್ನೆರಡು ವರ್ಷ ನಾನು ಮಕ್ಕಳಿಗೆ ಅಕ್ಕಿ ಆರಿಸುವುದನ್ನು ಕಲಿಸಿದ್ದೆ ಎಂದು ಆ ಕ್ಷಣ ಹೊಳೆಯಿತು. ನಾಚಿಕೆಯೂ ಆಯಿತು. ಆದರೂ ಮಾಸ್ತರನ ಜೀವ, ಸುಮ್ಮನಾಗಲಿಲ್ಲ. ಅವಸರವಾಗಿ ಪುಟ ತಿರುವಿದೆ. ಪಾಠದ ನಡುವೆ ಒಂದು ಪುಟ, ಎರೆಮಣ್ಣಿನ ಪುಟ, ಒಂದು ಚುಕ್ಕೆ ಹಳದಿಯೂ ಇಲ್ಲದೆ ಬೆಳ್ಳಗಿತ್ತು. ನನಗೆ ಹೋದ ಜೀವ ಬಂದಂತಾಯಿತು.

"ಇದೊಂದು ಪುಟಾನಾದ್ರೂ ನಾ ಹೇಳಿದ್ದು ಪೂರಾ ತಿಳೀತಲ್ಲ ಅಕ್ಕ," ಎಂದೆ.

ಅಕ್ಕ ಪುಟವನ್ನು ಬಗ್ಗಿ ನೋಡಿದರು. ನನ್ನ ಮನಸ್ಸು ನೋಯಿಸಬಾರದೆಂದು ಬಹಳ ಮೆತ್ತಗೆ ಹೇಳಿದರು.

"ಆ ಪುಟ ನಾನ ಓದಿ ತಿಳಕೊಂಡೀನ್ರಿ. ಅವತ್ತು ನೀವು ನೀರಮಾನ್ವಿಗೆ ಮದಿವಿಗೆ ಹೋಗಿದ್ರಲ್ರಿ ಸರ."