ಒಡೆಯಲೊಂದು ಗೋಡೆ

ಎರಡು ಪ್ರಾಂತಗಳ ಗಡಿಯಲ್ಲಿರುವ ಮೇಲಿನ ಮಾರುಕಟ್ಟೆಗೂ ಕೆಳಗಿನ ಮಾರುಕಟ್ಟೆಗೂ ನಡುವೆ ಯಾವ ಅಡೆತಡೆಯೂ ಇಲ್ಲವೆಂಬ ಗಂಭೀರ ಲೋಪ ಸ್ಥಳ ಪರಿಶೀಲನೆಯ ವೇಳೆ ಬೆಳಕಿಗೆ ಬಂದಿತು. ಇಡೀ ದೇಶವನ್ನು ಒಂದೇ ಮಾರುಕಟ್ಟೆ ಮಾಡುವ ಯೋಜನೆಯಡಿ ಮೊದಲು ನೆರೆಹೊರೆಯ ಮಾರುಕಟ್ಟೆಗಳ ನಡುವಿನ ತಡೆ ಒಡೆಯಬೇಕಿತ್ತು. ಒಡೆಯಲು ಅನುದಾನ ಬಂದಿತ್ತು, ತಡೆ ಬಂದಿರಲಿಲ್ಲ.

ಈ ಲೋಪ ಟೊಮೆಟೊ ಅಕ್ಕನ ಕಣ್ಣಿಗೆ ಯಾವತ್ತೂ ಬಿದ್ದಿರಲಿಲ್ಲ. ಬೆಳಿಗ್ಗೆ ಮೇಲಿನ ಮಾರುಕಟ್ಟೆಯಲ್ಲಿ ಗಟ್ಟಿ ಹಣ್ಣು ಮಾರುವುದು, ಹೊತ್ತು ನೆತ್ತಿಗೇರಿ ಉಳಿದದ್ದು ಮೆತ್ತಗಾಗುತ್ತಲೇ ಗಾಡಿಯನ್ನು ಬೀದಿ ದಾಟಿಸಿ ಕೆಳಗಿನ ಹೋಟೆಲಿನವರ ತಲೆಗೆ ಕಟ್ಟುವುದು, ಇಷ್ಟರಲ್ಲೇ ಅವಳ ಹೊಟ್ಟೆ ತುಂಬುತ್ತಿತ್ತು.

ಏಕೀಕರಣಾಧಿಕಾರಿಗಳು ಬೀದಿಯ ನಡುವೆ ಉದ್ದಕ್ಕೂ ಗೋಡೆ ಎಬ್ಬಿಸಿದರು.

"ಇದ್ಯಾಕೆ ಸ್ವಾಮಿ?"

"ಒಡೆಯೋಕಮ್ಮ."

"ಕಟ್ಟದೇ ಇದ್ದಿದ್ರೆ ಒಡೆಯೋ ಕೆಲಸಾನೇ ಇರ್ತಿರಲಿಲ್ವಲ್ಲ."

"ಅದೇ ನೋಡು ಸಮಸ್ಯೆ," ಎಂದರು ಅಧಿಕಾರಿ, ಕೊನೆಗೂ ಒಬ್ಬರಿಗಾದರೂ ಅರ್ಥವಾಯಿತೆಂಬ ಸಮಾಧಾನದಿಂದ.

ಸಚಿವರು ಬಂದು ಸುತ್ತಿಗೆ ಬೀಸಿದರು. ಹಿಡಿ ಮುರಿಯಿತು. ಗೋಡೆಗೆ ಗೀರೂ ಬೀಳಲಿಲ್ಲ. ಗುತ್ತಿಗೆದಾರ ಅಧಿಕಾರಿಯ ಭಾವಮೈದ. ಹೇಗೂ ಒಡೆಯುವ ಗೋಡೆಯೆಂದ ಮೇಲೆ ಸಿಮೆಂಟು ಕದಿಯುವ ಹುಮ್ಮಸ್ಸೇ ಬರಲಿಲ್ಲವೆಂದು ಅವನು ತಲೆ ತಗ್ಗಿಸಿ ಹೇಳಿಕೊಂಡ. ಮರುದಿನ ಗೋಡೆಗೆ ಪ್ರಕಟಣೆ ಬಿತ್ತು: "ಈ ಗೋಡೆ ತೆರವಾಗಿದೆ. ಸಾರ್ವಜನಿಕರು ಇದಕ್ಕೆ ಡಿಕ್ಕಿ ಹೊಡೆಯಬಾರದು."

ಗಾಡಿಯಿಂದ ಟೊಮೆಟೊ ರಸ ತೊಟ್ಟಿಕ್ಕತೊಡಗಿತು. ಗೋಡೆಯಾಚೆಯಿಂದ ಹೋಟೆಲಿನವನು, "ಅಕ್ಕಾ, ಎಸೆದುಬಿಡು, ಹಿಡ್ಕೋತೀನಿ" ಎಂದ. ಅವಳು ಎಸೆದಳು. ಅವನು ಹಿಡಿದದ್ದು ಅಂಗಿಯಿಂದ. ಅಂಗಿಗೆ ಬಿದ್ದ ಹಣ್ಣಿಗೆ ಅವಳು ಕಾಸು ಕೇಳಿದರೆ, ಅಂಗಿ ಒಗೆಸುವ ಖರ್ಚು ಅವನು ಕೇಳಿದ.

ಸಂಜೆಗೆ ಅವಳು ಸುಣ್ಣ ಬಳಿಯುವ ಮೈದುನನಿಂದ ಎರಡು ಏಣಿ ತಂದು ಈಚೆಗೊಂದು ಆಚೆಗೊಂದು ಒರಗಿಸಿದಳು. ಮೆತ್ತಗಿನ ಹಣ್ಣಿನ ಬುಟ್ಟಿ ಹೊತ್ತು ಏಣಿ ಇಳಿಯುವ ಹೊತ್ತಿಗೆ ಸೆರಗೆಲ್ಲ ಸಾರಾಗುತ್ತಿತ್ತು. ಆದರೆ ಹತ್ತಲು ಬಂದವರೆಲ್ಲ ಏಣಿಗೆ ಕಾಸು ಕೊಡತೊಡಗಿದರು. ವಾರದೊಳಗೆ ಟೊಮೆಟೊ ಗಾಡಿ ಮೂಲೆ ಸೇರಿತು.

ಅಧಿಕಾರಿ ತಪಾಸಣೆಗೆ ಬಂದರು. "ಈ ಕಡೆ ಹತ್ತೋಕೆ ಎಷ್ಟಮ್ಮ? ಆ ಕಡೆ?"

"ಎರಡೂ ಕಡೆ ಒಂದೇ ರೇಟು ಸ್ವಾಮಿ. ಇಳಿಯೋದು ಪುಕ್ಕಟೆ."

ಅಧಿಕಾರಿಯ ಕಣ್ಣು ತೇವವಾಯಿತು. ಎರಡೂ ಪ್ರಾಂತಗಳಲ್ಲಿ ಒಂದೇ ದರಕ್ಕೆ ಸಿಗುವ ಮೊದಲ ಸರಕು ಅದು. ಗೋಡೆ ಇಲ್ಲದೆ ಇದು ಸಾಧ್ಯವಿರಲಿಲ್ಲವೆಂದು ಅವರು ಮೇಲಿನವರಿಗೆ ವರದಿ ಮಾಡಿದರು. ಮೇಲಿನವರು ಒಪ್ಪಿದರು, ಮೆತ್ತಗಿನ ಹಣ್ಣಿನ ಕಾಟ ತಪ್ಪಿದ ಹೋಟೆಲಿನವನೂ ಒಪ್ಪಿದ.

ಟೊಮೆಟೊ ಅಕ್ಕನನ್ನು ಈಗ ಎಲ್ಲರೂ ಏಣಿ ಅಕ್ಕ ಎನ್ನುತ್ತಾರೆ. ಉಳಿದ ಗಡಿ ಬೀದಿಗಳಲ್ಲೂ ಗೋಡೆ ಕೆಲಸ ಆರಂಭವಾಗಿದೆ.